ರಕ್ತದ ರಿಪೋರ್ಟ್ ನಾರ್ಮಲ್, ಕೈ ಮಾತ್ರ ಕೆಂಪು: ಮುರಿದ ಮಣಿಕಟ್ಟು ಕೂಡಿದ ಮೇಲೂ ಉಳಿದ ನೋವಿನ ಒಂದು ಪ್ರಕರಣ

ಮೂಳೆ ಕೂಡಿಕೊಂಡಿರುತ್ತದೆ. ಎಕ್ಸ್‌ರೇ ಚೆನ್ನಾಗಿರುತ್ತದೆ. ಆದರೂ ನೋವು ಕಡಿಮೆ ಆಗುವ ಬದಲು ಜಾಸ್ತಿ ಆಗುತ್ತಾ, ಪೆಟ್ಟು ಬಿದ್ದ ಜಾಗ ಬಿಟ್ಟು ಇಡೀ ಕೈಗೆ ಹರಡುತ್ತದೆ. ಇದಕ್ಕೆ ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್ ಅಂತಾರೆ, ಚಿಕ್ಕದಾಗಿ ಸಿಆರ್‌ಪಿಎಸ್. ಮುರಿತ, ಉಳುಕು ಅಥವಾ ಆಪರೇಷನ್ ಆದ ಮೇಲೆ ಕೈಗೋ ಕಾಲಿಗೋ ಬರುವ ಕಾಯಿಲೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ನಾನು ನೋವು ಚಿಕಿತ್ಸಾ ತಂಡವೊಂದರಲ್ಲಿ ಫಿಸಿಯೋಥೆರಪಿಸ್ಟ್. ನಮ್ಮಲ್ಲಿಗೆ ಬಂದ ಒಬ್ಬರ ಪ್ರಕರಣವನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಈ ಕಾಯಿಲೆಯಲ್ಲಿ ಉರಿಯೂತದ ಪಾತ್ರ ಏನು, ಯಾವಾಗ ಅದಕ್ಕೆ ಔಷಧಿ ಕೊಡಬೇಕು, ಯಾವಾಗ ಕೊಡಬಾರದು ಎಂಬ ಪ್ರಶ್ನೆ ಈ ಒಂದೇ ಪ್ರಕರಣದಲ್ಲಿ ಮತ್ತೆ ಮತ್ತೆ ಎದ್ದಿತು. ಅದಕ್ಕೇ ಇದನ್ನು ಆರಿಸಿಕೊಂಡೆ.

ಹಿನ್ನೆಲೆ

ಆಕೆಗೆ ನಲವತ್ತು ದಾಟಿದೆ. ಹೊಲಿಗೆ ಕೆಲಸ ಮಾಡುತ್ತಾರೆ. ಬಲಗೈ ಊರಿ ಬಿದ್ದು ಮಣಿಕಟ್ಟಿನ ಹತ್ತಿರ ಮೂಳೆ ಮುರಿಯಿತು. ಮೂಳೆ ಹೆಚ್ಚು ಜರುಗಿರಲಿಲ್ಲ, ಹಾಗಾಗಿ ಆಪರೇಷನ್ ಬೇಕಾಗಲಿಲ್ಲ. ಪ್ಲಾಸ್ಟರ್ ಹಾಕಿ ಕಳಿಸಿದರು. ಸಕ್ಕರೆ ಕಾಯಿಲೆ ಇಲ್ಲ, ಆದರೆ ಗಡಿಯಲ್ಲಿತ್ತು. ಈ ವಿಷಯ ಮುಂದೆ ಮುಖ್ಯವಾಗುತ್ತದೆ.

ಮೊದಲ ವಾರದಲ್ಲೇ ಆಕೆ ವಾಪಸ್ ಹೋಗಿದ್ದರು. "ಉರೀತಿದೆ ಡಾಕ್ಟ್ರೇ, ಇದನ್ನ ಬಿಚ್ಚಿಬಿಡಿ" ಅಂದರಂತೆ. ನೋವಿಗೆ ಹತ್ತಕ್ಕೆ ಎಷ್ಟು ಅಂಕ ಎಂದು ಕೇಳಿದಾಗ ಎಂಟು ಅಂದಿದ್ದರು. ಮೂಳೆ ಡಾಕ್ಟರು ಪ್ಲಾಸ್ಟರ್ ಬಿಗಿಯಾಗಿದೆಯೇ ಎಂದು ನೋಡಿದರು, ಸೀಳಿ ಸ್ವಲ್ಪ ಸಡಿಲ ಮಾಡಿ ಮತ್ತೆ ಕಟ್ಟಿದರು. ಒಳ್ಳೆಯ ನಿರ್ಧಾರ. ಆದರೆ ಸಡಿಲ ಮಾಡಿದ ಮೇಲೂ ನೋವು ಇಳಿಯಲಿಲ್ಲ ಎಂಬುದು ಚೀಟಿಯಲ್ಲಿ ದಾಖಲಾಗಲಿಲ್ಲ.

ದಾಖಲಾಗಬೇಕಿತ್ತು. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮಣಿಕಟ್ಟು ಮುರಿದ 1,549 ಜನರನ್ನು ಮೊದಲ ವಾರದಿಂದಲೇ ಗಮನಿಸುತ್ತಾ ಬಂದಿದ್ದರು. ಅವರಲ್ಲಿ ಶೇ. 3.8ರಷ್ಟು ಜನಕ್ಕೆ ಸಿಆರ್‌ಪಿಎಸ್ ಬಂತು. ಯಾರಿಗೆ ಬರಬಹುದು ಎಂದು ಮೊದಲೇ ಹೇಳಿದ್ದು ಯಾವುದೋ ದುಬಾರಿ ಪರೀಕ್ಷೆಯಲ್ಲ, ಮೊದಲ ವಾರದ ನೋವಿನ ಅಂಕ. ಹತ್ತಕ್ಕೆ ಐದು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅವರ ಮೇಲೆ ಕಣ್ಣಿಡಬೇಕು ಎಂದು ಆ ಸಂಶೋಧಕರು ಬರೆದರು.

ಸಮಸ್ಯೆ

ಆರನೇ ವಾರದಲ್ಲಿ ಪ್ಲಾಸ್ಟರ್ ತೆಗೆದರು. ಕೈ ಊದಿಕೊಂಡಿತ್ತು, ಕೆಂಪಾಗಿತ್ತು, ಬಿಸಿಯಾಗಿತ್ತು. ಸೋಂಕು ಇರಬಹುದೆಂದು ರಕ್ತ ಪರೀಕ್ಷೆ ಮಾಡಿಸಿದರು. ಬಿಳಿ ರಕ್ತಕಣ, ಉರಿಯೂತ ಅಳೆಯುವ ಇಎಸ್‌ಆರ್, ಸಿಆರ್‌ಪಿ, ಯೂರಿಕ್ ಆಸಿಡ್, ಸಂಧಿವಾತದ ಪರೀಕ್ಷೆ, ಎಲ್ಲವೂ ನಾರ್ಮಲ್. ರಕ್ತ ಹೆಪ್ಪುಗಟ್ಟಿದೆಯೇ ಎಂದು ಡಾಪ್ಲರ್ ಮಾಡಿದರು, ಅದೂ ಸರಿಯಿತ್ತು.

ಇಲ್ಲಿಂದ ದಾರಿ ತಪ್ಪಿತು. ರಿಪೋರ್ಟ್ ನೋಡಿದ ಒಬ್ಬರು "ಉರಿಯೂತ ಇಲ್ವೇ ಇಲ್ಲ, ನೀವು ಹೆದರಿಕೊಂಡು ಕೈ ಆಡಿಸ್ತಿಲ್ಲ" ಅಂದರು. ಆ ಮಾತಿನ ಮೇಲೆ ಇನ್ನೊಂದು ಕಡೆ ವ್ಯಾಯಾಮ ಶುರುವಾಯಿತು. ಬೆರಳುಗಳನ್ನು ಹಿಡಿದು ಬಲವಂತವಾಗಿ ಮಡಿಸುತ್ತಿದ್ದರು. ಪ್ರತಿ ಸಲವೂ ರಾತ್ರಿ ಊತ ಏರುತ್ತಿತ್ತು. ಸಾಕಾಗಿ ಮೂರನೆಯವರ ಹತ್ತಿರ ಹೋದರು. ಅವರು ಕೈಗೆ ಜೋಳಿಗೆ ಕಟ್ಟಿ "ಅಲ್ಲಾಡಿಸಲೇಬೇಡಿ" ಅಂದರು. ಕೆಲವೇ ವಾರದೊಳಗೆ ಒಂದಕ್ಕೊಂದು ಪೂರಾ ವಿರುದ್ಧವಾದ ಎರಡು ಸಲಹೆ. ಇಬ್ಬರೂ ಅದೇ ನಾರ್ಮಲ್ ರಿಪೋರ್ಟ್ ನೋಡಿಯೇ ಹೇಳಿದ್ದು.

ನಮ್ಮಲ್ಲಿಗೆ ಬರುವಾಗ ಪೆಟ್ಟು ಬಿದ್ದು ಹತ್ತು ವಾರದ ಹತ್ತಿರವಾಗಿತ್ತು. ಮೇಜಿನ ಮೇಲೆ ಎರಡೂ ಕೈ ಪಕ್ಕ ಪಕ್ಕ ಇಡಿ ಅಂದೆ. ಬಲಗೈಯನ್ನು ಎಡಗೈಯಲ್ಲಿ ಎತ್ತಿ ತಂದು ಇಟ್ಟರು. ಬೆರಳ ಗೆಣ್ಣುಗಳ ಗೆರೆ ಊತದಲ್ಲಿ ಮುಚ್ಚಿಹೋಗಿತ್ತು. ಚರ್ಮ ಹೊಳೆಯುತ್ತಿತ್ತು. ಅಂಗೈಯಲ್ಲಿ ಬೆವರು ಎಷ್ಟಿತ್ತೆಂದರೆ ಮೇಜಿನ ಮೇಲೆ ಒದ್ದೆ ಗುರುತು ಬಿತ್ತು. ಎಡಗೈ ಪೂರ್ತಿ ಒಣಗಿತ್ತು. ಬಲಗೈ ಉಗುರು ಜಾಸ್ತಿ ಬೆಳೆದಿದ್ದವು, ಮುಂಗೈ ಕೂದಲು ಎಡಗೈಗಿಂತ ದಟ್ಟವಾಗಿ, ಕಪ್ಪಗಿತ್ತು. ಚರ್ಮದ ಬಿಸಿ ಅಳೆದರೆ ಎಡಗೈಗಿಂತ ಒಂದೂವರೆ ಡಿಗ್ರಿ ಹೆಚ್ಚು. ಹತ್ತಿಯ ಎಳೆಯಿಂದ ಮುಂಗೈ ಸವರಿದಾಗ ಕೈ ಎಳೆದುಕೊಂಡು ಕಣ್ಣು ಮುಚ್ಚಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಮೇಡಂ, ಇದು ನನ್ನ ತಲೆಯಲ್ಲಿರೋದಾ, ಕೈಯಲ್ಲಿರೋದಾ?"

ಕಾಯಿಲೆ ಗುರುತಿಸಲು ಇಷ್ಟು ಸಾಕಿತ್ತು. 2003ರಲ್ಲಿ ಬುಡಾಪೆಸ್ಟ್‌ನಲ್ಲಿ ತಜ್ಞರು ಸೇರಿ ರೂಪಿಸಿದ ಮಾನದಂಡಗಳನ್ನೇ ಈಗ ಎಲ್ಲ ಕಡೆ ಬಳಸುತ್ತಾರೆ. ನಾಲ್ಕು ಗುಂಪು: ಸ್ಪರ್ಶ ಮತ್ತು ನೋವು, ಚರ್ಮದ ಬಣ್ಣ ಮತ್ತು ಬಿಸಿ, ಊತ ಮತ್ತು ಬೆವರು, ಚಲನೆ ಹಾಗೂ ಉಗುರು-ಕೂದಲು-ಚರ್ಮದ ಬದಲಾವಣೆ. ಪೆಟ್ಟಿಗೆ ಮೀರಿದ ನೋವು ಮುಂದುವರಿದಿರಬೇಕು. ಮೂರು ಗುಂಪಿನಲ್ಲಾದರೂ ರೋಗಿ ತೊಂದರೆ ಹೇಳಬೇಕು, ಎರಡರಲ್ಲಾದರೂ ಪರೀಕ್ಷಿಸುವವರ ಕಣ್ಣಿಗೆ ಕಾಣಬೇಕು, ಬೇರೆ ಯಾವ ಕಾಯಿಲೆಯೂ ಇದನ್ನು ವಿವರಿಸುವಂತಿರಬಾರದು. ಆಕೆಯಲ್ಲಿ ನಾಲ್ಕೂ ಗುಂಪು ಎದ್ದು ಕಾಣುತ್ತಿದ್ದವು. ಗಮನಿಸಿ, ಈ ಪಟ್ಟಿಯಲ್ಲಿ ಒಂದೂ ರಕ್ತ ಪರೀಕ್ಷೆ ಇಲ್ಲ.

ರಕ್ತದಲ್ಲಿ ಕಾಣದ ಉರಿಯೂತ

ಊತ, ಕೆಂಪು, ಬಿಸಿ, ನೋವು. ಉರಿಯೂತದ ಎಲ್ಲ ಲಕ್ಷಣವೂ ಕಣ್ಣೆದುರಿಗಿದೆ. ಆದರೂ ಸಿಆರ್‌ಪಿ ನಾರ್ಮಲ್ ಹೇಗೆ? ಆಕೆಗೆ ಮಾತ್ರವಲ್ಲ, ಆಕೆಯನ್ನು ನೋಡಿದ ಡಾಕ್ಟರುಗಳಿಗೂ ತೊಡಕಾಗಿದ್ದು ಇದೇ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಇದು ಉರಿಯೂತ ಎಂಬ ಯೋಚನೆ ಹೊಸದಲ್ಲ. ಜರ್ಮನಿಯ ಶಸ್ತ್ರವೈದ್ಯ ಪೌಲ್ ಸುಡೆಕ್ 1900ರಲ್ಲೇ ಪೆಟ್ಟಿನ ನಂತರ ಮೂಳೆ ತೆಳುವಾಗುವ ಈ ಸ್ಥಿತಿಯನ್ನು ವಿವರಿಸಿ, ಅದರ ಹಿಂದೆ ಉರಿಯೂತ ಇದೆ ಎಂದಿದ್ದರು. ಆಮೇಲೆ ಬಹಳ ಕಾಲ ಎಲ್ಲರ ಗಮನ ಬೆವರು, ರಕ್ತನಾಳಗಳನ್ನು ನಡೆಸುವ ಸಿಂಪಥೆಟಿಕ್ ನರಗಳ ಕಡೆ ಹೋಯಿತು. ಉರಿಯೂತದ ಮಾತು ಹಿಂದೆ ಸರಿಯಿತು.

ಅದು ಮತ್ತೆ ಮುಂದೆ ಬಂದದ್ದು ಒಂದು ಸರಳ ಉಪಾಯದಿಂದ. 2002ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಕೆಲವು ರೋಗಿಗಳ ನೋವಿರುವ ಕಡೆ ಮತ್ತು ನೋವಿಲ್ಲದ ಕಡೆ, ಎರಡೂ ಕಡೆ ಚರ್ಮದ ಮೇಲೆ ಸಣ್ಣ ಗುಳ್ಳೆ ಎಬ್ಬಿಸಿ ಅದರ ನೀರನ್ನು ಪರೀಕ್ಷಿಸಿದರು. ನೋವಿರುವ ಕಡೆಯ ನೀರಿನಲ್ಲಿ ಐಎಲ್-6 ಮತ್ತು ಟಿಎನ್‌ಎಫ್-ಆಲ್ಫಾ ಎಂಬ ಉರಿಯೂತದ ಸಂದೇಶ ಪ್ರೋಟೀನುಗಳು ಜಾಸ್ತಿ ಇದ್ದವು. ಅದೇ ಮನುಷ್ಯ, ಅದೇ ದಿನ, ಇನ್ನೊಂದು ಕಡೆ ಕಡಿಮೆ. ಮನೆಯ ಒಂದು ಕೋಣೆಯಲ್ಲಿ ಹೊಗೆ ತುಂಬಿದ್ದರೂ ಬೀದಿಯಲ್ಲಿ ನಿಂತವರಿಗೆ ವಾಸನೆ ಬರುವುದಿಲ್ಲ, ಅಲ್ವಾ? ಸಿಆರ್‌ಪಿ ತಯಾರಾಗುವುದು ಲಿವರ್‌ನಲ್ಲಿ, ರಕ್ತದಲ್ಲಿ ಐಎಲ್-6 ಸಾಕಷ್ಟು ಏರಿದಾಗ. ಒಂದು ಕೈಯ ಚರ್ಮದೊಳಗೆ ನಡೆಯುವ ಗಲಾಟೆ ಅಷ್ಟು ದೂರ ಮುಟ್ಟುವುದಿಲ್ಲ.

ಇನ್ನೊಂದು ಕಾರಣವೂ ಇದೆ. ಇಲ್ಲಿ ಉರಿಯೂತ ಹುಟ್ಟುವುದರಲ್ಲಿ ನರಗಳದ್ದೇ ದೊಡ್ಡ ಪಾಲು. ನೋವಿನ ನರಗಳ ತುದಿಗಳು ಮಿದುಳಿಗೆ ಸುದ್ದಿ ಕಳಿಸುವುದಷ್ಟೇ ಅಲ್ಲ, ಸಬ್‌ಸ್ಟೆನ್ಸ್ ಪಿ ಮತ್ತು ಸಿಜಿಆರ್‌ಪಿ ಎಂಬ ಪದಾರ್ಥಗಳನ್ನು ತಮ್ಮ ಸುತ್ತ ಸುರಿಸುತ್ತವೆ. ಸಿಜಿಆರ್‌ಪಿ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಕೈ ಕೆಂಪಗೆ ಬಿಸಿಯಾಗುತ್ತದೆ. ಸಬ್‌ಸ್ಟೆನ್ಸ್ ಪಿ ನಾಳಗಳಿಂದ ನೀರು ಜಿನುಗುವಂತೆ ಮಾಡುತ್ತದೆ, ಕೈ ಊದುತ್ತದೆ. ಚರ್ಮದಲ್ಲಿರುವ ಮಾಸ್ಟ್ ಎಂಬ ರಕ್ಷಣಾ ಕೋಶಗಳು, ಹೊರಪದರದ ಕೆರಾಟಿನೊಸೈಟ್ ಕೋಶಗಳು ಕೆರಳಿ ಟಿಎನ್‌ಎಫ್‌ನಂಥವನ್ನು ಬಿಡುತ್ತವೆ. ಅವು ನರಗಳನ್ನು ಇನ್ನಷ್ಟು ಸೂಕ್ಷ್ಮ ಮಾಡುತ್ತವೆ. ಹೀಗೆ ಒಂದನ್ನೊಂದು ಎಬ್ಬಿಸುತ್ತಲೇ ಇರುತ್ತವೆ.

ಆಕೆಗೆ ಇದನ್ನೇ ಇನ್ನೂ ಸರಳವಾಗಿ ಹೇಳಿದೆವು. ಕೈಯಲ್ಲೇ ಇದೆ, ಕಣ್ಣಿಗೆ ಕಾಣುತ್ತಿದೆ, ರಕ್ತದ ಪರೀಕ್ಷೆ ಇದನ್ನು ಹಿಡಿಯಲು ಮಾಡಿದ್ದಲ್ಲ. ಆ ದಿನ ಬೇರೆ ಚಿಕಿತ್ಸೆ ಏನೂ ಆಗಲಿಲ್ಲ. ಆದರೂ ಮುಂದಿನ ಸಲ ಬಂದಾಗ ಆಕೆ ಕೈಯನ್ನು ಜೋಳಿಗೆಯಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು.

ಮೊದಲ ನಿರ್ಧಾರ: ಸ್ಟೀರಾಯ್ಡ್ ಕೊಡಬೇಕೇ?

ಸ್ಟೀರಾಯ್ಡ್ ಉರಿಯೂತ ತಗ್ಗಿಸುವ ಔಷಧಿ. ತಂಡದಲ್ಲಿ ಇದರ ಬಗ್ಗೆ ದೀರ್ಘ ಚರ್ಚೆ ಆಯಿತು. ಕೊಡಬೇಕು ಎನ್ನುವುದಕ್ಕೆ ಆಧಾರ ಇತ್ತು. ಪಾರ್ಶ್ವವಾಯು ಆದ ಮೇಲೆ ಸಿಆರ್‌ಪಿಎಸ್ ಬಂದ 60 ಜನರ ಮೇಲೆ ನಡೆದ, 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅರ್ಧ ಜನರಿಗೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್, ಉಳಿದವರಿಗೆ ಪಿರಾಕ್ಸಿಕ್ಯಾಮ್ ಎಂಬ ಸಾಮಾನ್ಯ ನೋವು ನಿವಾರಕ ಕೊಟ್ಟಿದ್ದರು. ಪ್ರೆಡ್ನಿಸೋಲೋನ್ ಪಡೆದವರಲ್ಲಿ ಶೇ. 83.3 ಜನ ಗಣನೀಯವಾಗಿ ಸುಧಾರಿಸಿದರು, ಇನ್ನೊಂದು ಗುಂಪಿನಲ್ಲಿ ಶೇ. 16.7 ಮಾತ್ರ. ವ್ಯತ್ಯಾಸ ದೊಡ್ಡದು. ಆದರೆ ಅವರದು ಪಾರ್ಶ್ವವಾಯುವಿನ ನಂತರದ ಕಾಯಿಲೆ, ಆಕೆಯದು ಮುರಿತದ ನಂತರದ್ದು.

ಬೇಡ ಎನ್ನುವುದಕ್ಕೂ ಕಾರಣ ಇತ್ತು: ಗಡಿಯಲ್ಲಿದ್ದ ಸಕ್ಕರೆ. ಸ್ಟೀರಾಯ್ಡ್ ಅದನ್ನು ಏರಿಸುತ್ತದೆ. ಜೊತೆಗೆ ಕೈಯ ಮೂಳೆ ಎಕ್ಸ್‌ರೇಯಲ್ಲಿ ಅಲ್ಲಲ್ಲಿ ತೆಳುವಾಗಿ ಕಾಣುತ್ತಿತ್ತು. ಸ್ಟೀರಾಯ್ಡ್ ಮೂಳೆಗೂ ಒಳ್ಳೆಯದಲ್ಲ.

ತೂಕ ಒಂದು ಕಡೆಗೆ ವಾಲಿದ್ದು ಕಾಯಿಲೆಯ ಹಂತ ನೋಡಿ. ಜರ್ಮನಿಯ ಗುಂಪೊಂದು 2014ರಲ್ಲಿ ರೋಗಿಗಳ ಚರ್ಮದ ಚೂರು ತೆಗೆದು ನೋಡಿತ್ತು. ಶುರುವಿನ ತಿಂಗಳುಗಳಲ್ಲಿ ಟಿಎನ್‌ಎಫ್, ಐಎಲ್-6, ಮಾಸ್ಟ್ ಕೋಶ ಹೆಚ್ಚಿದ್ದವು. ಕಾಯಿಲೆ ಹಳೆಯದಾದವರಲ್ಲಿ ಆ ಏರಿಕೆ ಇರಲಿಲ್ಲ. ಅಂದರೆ ಉರಿಯೂತಕ್ಕೆ ಔಷಧಿ ಕೊಡುವುದಾದರೆ ಉರಿಯೂತ ಇರುವಾಗಲೇ ಕೊಡಬೇಕು. ಆಕೆಯ ಕೈ ಇನ್ನೂ ಬಿಸಿ ಇತ್ತು, ಕೆಂಪಿತ್ತು. ಇನ್ನೊಂದು ತಿಂಗಳು ಬಿಟ್ಟು ನೋಡೋಣ ಎಂದರೆ ಆ ತಿಂಗಳು ವಾಪಸ್ ಸಿಗುವುದಿಲ್ಲ.

ಡಾಕ್ಟರು ಎಲ್ಲವನ್ನೂ ಆಕೆಯ ಮುಂದೆ ಬಿಚ್ಚಿಟ್ಟರು. ಮನೆಯಲ್ಲೇ ದಿನಾ ಸಕ್ಕರೆ ನೋಡಿಕೊಳ್ಳುವುದು, ಮಿತಿ ದಾಟಿದರೆ ಫೋನ್ ಮಾಡುವುದು, ಹೊಟ್ಟೆಗೆ ರಕ್ಷಣೆಯ ಮಾತ್ರೆ ಎಂದು ಮಾತಾಯಿತು. ಆಕೆ ಒಪ್ಪಿದರು. ದಿನಕ್ಕೆ 40 ಮಿ.ಗ್ರಾಂ ಪ್ರೆಡ್ನಿಸೋಲೋನ್ ಎರಡು ವಾರ, ಆಮೇಲೆ ವಾರ ವಾರ ಇಳಿಸುತ್ತಾ ನಿಲ್ಲಿಸುವುದು. ಇದನ್ನು ಓದಿ ಯಾರೂ ಸ್ವಂತವಾಗಿ ಸ್ಟೀರಾಯ್ಡ್ ಶುರು ಮಾಡಬೇಡಿ, ಒಮ್ಮೆಲೇ ನಿಲ್ಲಿಸಲೂ ಬೇಡಿ. ಇದು ಡಾಕ್ಟರ ಕಣ್ಣೆದುರಿಗೇ ನಡೆಯಬೇಕಾದ ಚಿಕಿತ್ಸೆ.

ಎರಡನೇ ನಿರ್ಧಾರ: ಕೈ ಎಷ್ಟು ಆಡಿಸಬೇಕು?

ಇದು ನನ್ನ ಕೆಲಸದ ಭಾಗ. ಬಲವಂತದ ವ್ಯಾಯಾಮ ಊತ ಏರಿಸಿತ್ತು, ಪೂರ್ತಿ ವಿಶ್ರಾಂತಿ ಕೀಲುಗಳನ್ನು ಬಿಗಿ ಮಾಡಿತ್ತು. ಎರಡೂ ಬಿಟ್ಟೆವು. ನಿಯಮ ಒಂದೇ: ಮಾಡಿದ ಚಲನೆಯಿಂದ ಏರಿದ ನೋವು ಅಂದೇ ಸಂಜೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿಯಬೇಕು. ಇಳಿದರೆ ನಾಳೆ ಅಷ್ಟೇ ಅಥವಾ ಸ್ವಲ್ಪ ಜಾಸ್ತಿ. ಇಳಿಯದಿದ್ದರೆ ನಾಳೆ ಅರ್ಧ. ಆಕೆಯ ಬೆರಳನ್ನು ನಾನು ಮಡಿಸಲಿಲ್ಲ. ಆಕೆಯೇ ಮಡಿಸಿದರು.

ಜೊತೆಗೆ ಕನ್ನಡಿ ಚಿಕಿತ್ಸೆ. ಎರಡು ಕೈಗಳ ನಡುವೆ ಕನ್ನಡಿ ನಿಲ್ಲಿಸಿ, ಬಲಗೈಯನ್ನು ಕನ್ನಡಿಯ ಹಿಂದೆ ಮರೆಮಾಡಿ, ಎಡಗೈ ಆಡಿಸುತ್ತಾ ಅದರ ಪ್ರತಿಬಿಂಬ ನೋಡಬೇಕು. ನೋವಿಲ್ಲದೆ ಬಲಗೈ ಆಡುತ್ತಿರುವಂತೆ ಕಾಣುತ್ತದೆ. ಇಂಗ್ಲೆಂಡಿನಲ್ಲಿ 8 ಜನರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನದಲ್ಲಿ ಇದು ಕಾಯಿಲೆ ಹೊಸದಾಗಿದ್ದವರ ನೋವು ಇಳಿಸಿತು, ಹಲವು ವರ್ಷ ಹಳೆಯದಾಗಿದ್ದವರಿಗೆ ಇಳಿಸಲಿಲ್ಲ. ಇಲ್ಲೂ ಅದೇ ಸಂಗತಿ, ಕಾಲ.

ಸ್ಪರ್ಶಕ್ಕೆ ಒಗ್ಗಿಸಲು ಬಟ್ಟೆಗಳನ್ನೇ ಬಳಸಿದೆವು, ಆಕೆಯ ಕೈಗೆ ಅವೇ ಪರಿಚಯ. ಮೊದಲು ರೇಷ್ಮೆ, ಆಮೇಲೆ ಹತ್ತಿ, ಕೊನೆಗೆ ಒರಟು ಬಟ್ಟೆ. ಯಾವ ಬಟ್ಟೆ ಯಾವಾಗ ಎಂದು ಆಕೆಯೇ ತೀರ್ಮಾನಿಸಿದರು, ನನಗಿಂತ ಚೆನ್ನಾಗಿ.

ಏನಾಯಿತು

ಸ್ಟೀರಾಯ್ಡ್ ಶುರುವಾಗಿ ಎರಡನೇ ವಾರದೊಳಗೆ ಊತ ಇಳಿಯಿತು, ಗೆಣ್ಣಿನ ಗೆರೆಗಳು ಮತ್ತೆ ಕಂಡವು. ರಾತ್ರಿ ನಿದ್ದೆ ಬಂತು. ಸಕ್ಕರೆ ಏರಿತು, ಆದರೆ ಊಟದ ಬದಲಾವಣೆಯಲ್ಲೇ ಹತೋಟಿಗೆ ಬಂತು. ನೋವು ಎಂಟರಿಂದ ನಾಲ್ಕಕ್ಕೆ ಇಳಿಯಿತು. ಎಲ್ಲರಿಗೂ ಸಮಾಧಾನ.

ಆದರೆ ಮಾತ್ರೆ ನಿಲ್ಲಿಸಿ ಒಂದು ತಿಂಗಳ ಮೇಲೆ ನೋವು ಆರಕ್ಕೆ ಏರಿತು. "ಆ ಮಾತ್ರೇನೇ ಮತ್ತೆ ಕೊಡಿ" ಅಂದರು ಆಕೆ. ಕೇಳಿದ್ದು ಸಹಜವೇ. ನಾವು ಮತ್ತೆ ಎರಡೂ ಕೈ ಮೇಜಿನ ಮೇಲೆ ಇಡಿಸಿ ನೋಡಿದೆವು. ಈ ಸಲ ಬಲಗೈ ಎಡಗೈಗಿಂತ ತಣ್ಣಗಿತ್ತು. ಬಣ್ಣ ನಸುನೀಲಿ. ಊತ ಇಲ್ಲ. ನೋವು ಅದೇ, ಆದರೆ ಕೈ ಬೇರೆ ಹಂತಕ್ಕೆ ಹೋಗಿತ್ತು.

ಇಡೀ ಪ್ರಕರಣದ ತಿರುವು ಇದು ಎಂದು ನನ್ನ ಅನಿಸಿಕೆ. ಮೊದಲ ಸಲ ಕೆಲಸ ಮಾಡಿದ ಔಷಧಿಯನ್ನು ಎರಡನೇ ಸಲ ಬೇಡ ಎನ್ನುವುದು ಕಷ್ಟ, ಅದರಲ್ಲೂ ಎದುರಿಗೆ ಕೂತವರು ಅಳುತ್ತಿರುವಾಗ. ಬಹುಕಾಲದಿಂದ ಸಿಆರ್‌ಪಿಎಸ್ ಇದ್ದವರಿಗೆ ಪ್ರೆಡ್ನಿಸೋಲೋನ್ ಕೊಟ್ಟು ನೋಡಿದ, 2016ರಲ್ಲಿ ಬಂದ ವರದಿ ಪ್ರಯೋಜನ ಕಾಣಲಿಲ್ಲ ಎಂದಿತ್ತು. ಊತ, ಬಿಸಿ ಇಲ್ಲದ ಕೈಗೆ ಸ್ಟೀರಾಯ್ಡ್ ಕೊಟ್ಟರೆ ಸಕ್ಕರೆ ಏರುವುದು ಖಚಿತ, ನೋವು ಇಳಿಯುವುದು ಖಚಿತವಲ್ಲ. ಕೊಡಲಿಲ್ಲ. ನರದ ನೋವಿಗೆ ಬಳಸುವ ಮಾತ್ರೆ ರಾತ್ರಿಗೆ ಶುರು ಮಾಡಿದರು, ಕನ್ನಡಿ ಮತ್ತು ಚಲನೆ ಮುಂದುವರಿದವು.

ಆ ಹೊತ್ತಿಗೆ ಆಕೆಯ ತಮ್ಮ ಎಲ್ಲೋ ಓದಿಕೊಂಡು ಬಂದರು. "ಡಾಕ್ಟ್ರೇ, ಇದು ಪ್ರತಿಕಾಯದಿಂದ ಬರೋ ಕಾಯಿಲೆಯಂತೆ. ಅಕ್ಕನಿಗೆ ಇಮ್ಯುನೊಗ್ಲಾಬ್ಯುಲಿನ್ ಕೊಡಿಸೋಣ, ಖರ್ಚು ನಾನು ನೋಡ್ಕೋತೀನಿ." ಪ್ರತಿಕಾಯ ಎಂದರೆ ದೇಹದ ರಕ್ಷಣಾ ವ್ಯವಸ್ಥೆ ತಯಾರಿಸುವ ಪ್ರೋಟೀನು; ಇಮ್ಯುನೊಗ್ಲಾಬ್ಯುಲಿನ್ ಎಂದರೆ ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಔಷಧಿ. ಸುಮ್ನೆ ತಳ್ಳಿಹಾಕುವ ಮಾತಲ್ಲ ಅದು. ಹಳೆಯ ಸಿಆರ್‌ಪಿಎಸ್ ಇರುವವರ ರಕ್ತದಿಂದ ಐಜಿಜಿ ಎಂಬ ಬಗೆಯ ಪ್ರತಿಕಾಯ ತೆಗೆದು ಇಲಿಗಳಿಗೆ ಕೊಟ್ಟು, ಅವುಗಳ ಪಾದಕ್ಕೆ ಸಣ್ಣ ಗಾಯ ಮಾಡಿದರೆ ಆ ಪಾದ ಅತಿಯಾಗಿ ನೋಯುತ್ತದೆ, ಊದುತ್ತದೆ. ಆರೋಗ್ಯವಂತರ ಪ್ರತಿಕಾಯ ಕೊಟ್ಟ ಇಲಿಗಳಲ್ಲಿ ಹಾಗಾಗುವುದಿಲ್ಲ. ಐಎಲ್-1 ಎಂಬ ಸಂದೇಶವನ್ನು ತಡೆದರೆ ಈ ಪರಿಣಾಮವೂ ತಗ್ಗುತ್ತದೆ ಎಂದು 2019ರಲ್ಲಿ ತೋರಿಸಿದರು. ದೇಹದ ರಕ್ಷಣಾ ವ್ಯವಸ್ಥೆಯೇ ನೋವನ್ನು ಉಳಿಸುತ್ತಿರಬಹುದು ಎನ್ನುವುದಕ್ಕೆ ಇದು ಗಟ್ಟಿ ಸುಳಿವು.

ಆದರೆ ಚಿಕಿತ್ಸೆಯ ಕಥೆ ಬೇರೆ. 2010ರಲ್ಲಿ ಬ್ರಿಟನ್ನಿನ ಹನ್ನೆರಡು-ಹದಿಮೂರು ಜನರ ಪ್ರಯೋಗದಲ್ಲಿ ಕಡಿಮೆ ಪ್ರಮಾಣದ ಇಮ್ಯುನೊಗ್ಲಾಬ್ಯುಲಿನ್ ನೋವು ಇಳಿಸಿತು. ಎಲ್ಲರಿಗೂ ಆಸೆ ಹುಟ್ಟಿತು. ಅದೇ ಸಂಶೋಧಕರು ಸೇರಿ 111 ಜನರ ಮೇಲೆ ದೊಡ್ಡ ಪ್ರಯೋಗ ಮಾಡಿದರು. 2017ರಲ್ಲಿ ಫಲಿತಾಂಶ ಬಂತು: ಔಷಧಿಗೂ ಹುಸಿ ಔಷಧಿಗೂ ವ್ಯತ್ಯಾಸ ಇರಲಿಲ್ಲ. ತಮ್ಮ ಸಿದ್ಧಾಂತಕ್ಕೆ ವಿರುದ್ಧ ಬಂದದ್ದನ್ನು ಅವರೇ ನೇರವಾಗಿ ಪ್ರಕಟಿಸಿದರು. ಅದಕ್ಕೆ ನನಗೆ ತುಂಬಾ ಗೌರವ ಇದೆ. ನಮ್ಮ ಡಾಕ್ಟರು ಈ ಎರಡೂ ಫಲಿತಾಂಶವನ್ನು ತಮ್ಮನ ಮುಂದೆ ಇಟ್ಟು, "ಕಾರಣ ಇದೇ ಇರಬಹುದು, ಆದರೆ ಈ ಔಷಧಿ ಕೆಲಸ ಮಾಡಿಲ್ಲ" ಅಂದರು. ಆ ದುಡ್ಡು ಉಳಿಯಿತು. ಅದರಲ್ಲಿ ಒಂದಿಷ್ಟು ಕಾಲಿನ ಬದಲು ಮೋಟಾರಿನಿಂದ ಓಡುವ, ಎತ್ತರ ಹೊಂದಿಸಬಹುದಾದ ಹೊಲಿಗೆ ಯಂತ್ರಕ್ಕೆ ಹೋಯಿತು.

ಯಾವ ನಿರ್ಧಾರ ಎಷ್ಟು ತೂಕದ್ದು

ತಿರುಗಿ ನೋಡಿದಾಗ ಸ್ಟೀರಾಯ್ಡ್‌ಗೆ ಎಲ್ಲ ಶ್ರೇಯಸ್ಸು ಕೊಡಲಾರೆ. ಈ ಕಾಯಿಲೆಯಲ್ಲಿ ಶುರುವಿನ ತಿಂಗಳುಗಳಲ್ಲಿ ಊತ, ಬಿಸಿ ತಾನಾಗಿಯೇ ಇಳಿಯುವುದೂ ಉಂಟು. ಒಬ್ಬರ ಪ್ರಕರಣದಿಂದ ಔಷಧಿಯ ಗುಣ ಸಾಬೀತಾಗುವುದಿಲ್ಲ. ಆದರೆ ಎರಡು ಸಂಗತಿ ನನಗೆ ಸ್ಪಷ್ಟ. ಪರೀಕ್ಷೆಗಳ ಕೆಲಸ ಸೋಂಕು, ಸಂಧಿವಾತ, ರಕ್ತ ಹೆಪ್ಪುಗಟ್ಟುವಿಕೆಯನ್ನು ಹೊರಗಿಡುವುದು. ಆ ಕೆಲಸವನ್ನು ಅವು ಸರಿಯಾಗಿಯೇ ಮಾಡಿದ್ದವು. ಅವು ನಾರ್ಮಲ್ ಬಂದದ್ದನ್ನು "ಕೈಯಲ್ಲಿ ಏನೂ ಇಲ್ಲ" ಎಂದು ಓದಿದ್ದರಿಂದ ಒಂದು ತಿಂಗಳು ಹೋಯಿತು. ಎರಡನೆಯದು, ನೋವಿನ ಅಂಕ ಒಂದನ್ನೇ ನೋಡಿ ಔಷಧಿ ತೀರ್ಮಾನಿಸಿದ್ದರೆ ಎರಡನೇ ಸಲವೂ ಸ್ಟೀರಾಯ್ಡ್ ಹೋಗುತ್ತಿತ್ತು. ಕೈ ಮುಟ್ಟಿ ನೋಡಿದ್ದರಿಂದ ನಿಂತಿತು. ಬಿಸಿ, ಬಣ್ಣ, ಊತವನ್ನು ಪ್ರತಿ ಭೇಟಿಯಲ್ಲೂ ಎರಡೂ ಕೈ ಹೋಲಿಸಿ ಬರೆದಿಡಲು ಐದು ನಿಮಿಷ ಸಾಕು. ಎರಡೂ ಕೈ ಸೇರಿಸಿ ಒಂದೇ ಬೆಳಕಿನಲ್ಲಿ ಫೋಟೋ ತೆಗೆದಿಟ್ಟರೆ ಇನ್ನೂ ಒಳ್ಳೆಯದು.

ವರ್ಷದ ಹತ್ತಿರ ಬಂದಾಗ ಆಕೆಯ ನೋವು ಸಾಮಾನ್ಯ ದಿನಗಳಲ್ಲಿ ಎರಡು-ಮೂರು. ಮುಷ್ಟಿ ಬಹುಪಾಲು ಕಟ್ಟುತ್ತದೆ, ಉಂಗುರದ ಬೆರಳು ಮಾತ್ರ ಅಂಗೈ ಮುಟ್ಟುವುದಿಲ್ಲ. ಕತ್ತರಿ ಹಿಡಿದು ಬಟ್ಟೆ ಕತ್ತರಿಸುತ್ತಾರೆ, ಯಂತ್ರ ನಡೆಸುತ್ತಾರೆ. ಸಣ್ಣ ಸೂಜಿಯ ಕೈಹೊಲಿಗೆ ಇನ್ನೂ ಆಗುತ್ತಿಲ್ಲ, ಅದನ್ನು ಮಗಳು ಮಾಡಿಕೊಡುತ್ತಾಳೆ. ಚಳಿಯಲ್ಲಿ ನೋವು ಏರುತ್ತದೆ.

ಊರಿನ ಡಾಕ್ಟರಿಗೆ ಬರೆದುಕೊಟ್ಟ ಪತ್ರದಲ್ಲಿ ಕಾಯಿಲೆಯ ಹೆಸರಿನ ಜೊತೆಗೆ ಕೈ ಯಾವ ವಾರದವರೆಗೆ ಬಿಸಿ ಇತ್ತು, ಯಾವಾಗ ತಣ್ಣಗಾಯಿತು, ಸ್ಟೀರಾಯ್ಡ್‌ಗೆ ಮೊದಲು ಮತ್ತು ನಂತರ ಹೇಗಿತ್ತು, ಸಕ್ಕರೆ ಎಷ್ಟು ಏರಿತು ಎಂದು ಫೋಟೋ ಸಮೇತ ಸೇರಿಸಿದೆವು. ಮುಂದೆ ಆ ಕೈಗೆ ಅಥವಾ ಇನ್ನೊಂದಕ್ಕೆ ಪೆಟ್ಟು ಬಿದ್ದರೆ, ಆಪರೇಷನ್ ಬೇಕಾದರೆ, ಮೊದಲ ವಾರದಲ್ಲೇ ನೋವಿನ ಅಂಕ ಕೇಳಿ ಬರೆದುಕೊಳ್ಳಿ, ಐದು ದಾಟಿದರೆ ಕಾಯದೆ ನಮ್ಮಲ್ಲಿಗೆ ಕಳಿಸಿ ಎಂದೂ ಬರೆದೆವು. ಆ ಪತ್ರದ ಒಂದು ಪ್ರತಿಯನ್ನು ಆಕೆಯ ಕೈಗೂ ಕೊಟ್ಟಿದ್ದೇವೆ.